ಎಮ್ಮೆಗೆ ಇಳಿಜಾರು, ಅತ್ತೆಗೆ ಮೆಟ್ಟಿಲು

ಮೆಟ್ಟಿಲು ಕಟ್ಟಿಸುವವರಿಗೆ ಮಂಡಿಯೇ ಇರುವುದಿಲ್ಲವೋ, ಅಥವಾ ಅವರ ಮನೆಯಲ್ಲಿ ಮುದುಕರೇ ಇರುವುದಿಲ್ಲವೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಯಾವ ಕಚೇರಿಗೆ ಹೋಗಿ, ಮೊದಲು ಮೆಟ್ಟಿಲು, ಆಮೇಲೆ ಮನುಷ್ಯರು. ಮೊನ್ನೆ ಒಂದು ಕಡೆ ಮುದುಕರಿಗೆ ಪಿಂಚಣಿ ಕೊಡುವ ಜಾಗ ನೋಡಿದೆ, ಅದೂ ಮಾಳಿಗೆ ಮೇಲೆ! ಇಂಥವು ನಡೀತಾನೇ ಇರ್ತವೆ ಮಾರಾಯ್ರೆ, ನಿಲ್ಲುವ ಲಕ್ಷಣ ಇಲ್ಲ. ಸಿಟ್ಟು ನೆತ್ತಿಗೇರಿ ಬೈಯಲು ಬಾಯಿ ತೆರೀತೇನೆ, ಅಷ್ಟರಲ್ಲಿ ನಮ್ಮ ದೊಡ್ಡತ್ತೆ ನೆನಪಾಗಿ ನಗು ಬಂದುಬಿಡ್ತದೆ. ಹಾಗಾಗಿ ಬೈಗುಳ, ನಗು ಎರಡನ್ನೂ ಬೆರೆಸಿಯೇ ಹೇಳ್ತೇನೆ.

ಅರವತ್ತರ ಆಸುಪಾಸಿನ ಮಾತು. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದಿತ್ತು, ಆದರೆ ಶರಾವತಿ ಹೊಳೆಗೆ ಸೇತುವೆ ಬಂದಿರಲಿಲ್ಲ. ನಾನು ಭಟ್ಕಳದಿಂದ ಹೊಳೆಯ ಈಚೆ ದಡದವರೆಗೆ ಓಡುವ ಒಂದು ಖಾಸಗಿ ಬಸ್ಸಿನ ಕಂಡಕ್ಟರು. ಕುಮಟೆಗೆ ಹೋಗುವವರು ನಮ್ಮ ಬಸ್ಸಿಳಿದು, ಧಕ್ಕೆಯ, ಅಂದರೆ ದೋಣಿ ನಿಲ್ಲುವ ಕಟ್ಟೆಯ, ಮೆಟ್ಟಿಲಿಳಿದು, ಲಾಂಚು ಹತ್ತಬೇಕು. ಆಚೆ ದಡ ಹೊನ್ನಾವರ. ಅಲ್ಲಿ ಮತ್ತೆ ಮೆಟ್ಟಿಲು ಹತ್ತಿ ಇನ್ನೊಂದು ಬಸ್ಸು ಹಿಡಿಯಬೇಕು. ಗಟ್ಟಿ ಕಾಲಿದ್ದವರಿಗೆ ಅದೊಂದು ಪ್ರಯಾಣ, ಇಲ್ಲದವರಿಗೆ ಅದೊಂದು ವನವಾಸ.

ದೊಡ್ಡತ್ತೆ ಅಂದರೆ ಅಪ್ಪನ ಅಕ್ಕ. ಗಂಡ ಬೇಗ ತೀರಿಕೊಂಡ ಮೇಲೆ, ನಮ್ಮ ಬಸ್ಸಿನ ದಾರಿಯಲ್ಲೇ ಇರುವ ಮಂಕಿಯ ನಮ್ಮ ಮನೆಗೆ ಬಂದು, ನಮ್ಮನ್ನೆಲ್ಲ ಬೈದು ಸಾಕಿದವಳು. ಅವಳ ತಂಗಿ, ನಮ್ಮ ಸಣ್ಣತ್ತೆಯನ್ನು ಕುಮಟೆಗೆ ಕೊಟ್ಟಿತ್ತು. ಸಣ್ಣತ್ತೆಗೆ ಕಣ್ಣು ಹೋಗಿತ್ತು. ದೊಡ್ಡತ್ತೆ ಆಗಾಗ ಹೊಳೆ ದಾಟಿ ಹೋಗಿ, ತಂಗಿಯ ತಲೆ ಬಾಚಿ, ಊರಿನವರ ಚಾಡಿಯೆಲ್ಲ ಒಂದೂ ಬಿಡದೆ ಹೇಳಿ, ಎರಡು ಸರ ಈರುಳ್ಳಿ ಹೊತ್ತುಕೊಂಡು ಬರುವುದು ರೂಢಿ. ಒಂದು ದಿನ ಬಾವಿಕಟ್ಟೆಯಲ್ಲಿ ಜಾರಿ ಬಿದ್ದಳು, ಸೊಂಟ ಹೋಯಿತು. ಆಮೇಲೆ ಸಮ ನೆಲದ ಮೇಲೆ ಕೋಲೂರಿ ನಿಧಾನಕ್ಕೆ ನಡೀತಿದ್ದಳು. ಇಳಿಜಾರಾದರೂ ಆದೀತು. ಆದರೆ ಗೇಣೆತ್ತರದ ಒಂದು ಮೆಟ್ಟಿಲು ಎದುರಾದರೆ ಕಾಲು ಎತ್ತಲು ಆಗುತ್ತಿರಲಿಲ್ಲ.

ಅಂದಿನಿಂದ ಅವಳ ಬದಲು ಅವಳು ಕಟ್ಟಿದ ಮಲ್ಲಿಗೆ ಮಾಲೆ ಕುಮಟೆಗೆ ಹೋಗತೊಡಗಿತು. ಕಣ್ಣಿಲ್ಲದ ತಂಗಿಗೆ ಪರಿಮಳವಾದರೂ ತಲುಪಲಿ ಅಂತ. ನಾನು ಬಾಳೆಲೆ ಪೊಟ್ಟಣ ಲಾಂಚಿನವನ ಕೈಗೆ ಕೊಡುವುದು, ಅವನು ಆಚೆ ಬಸ್ಸಿನ ಕಂಡಕ್ಟರಿಗೆ, ಅವನು ಸಣ್ಣತ್ತೆಗೆ. ಒಂದು ಸಲ ತಾನೇ ಹೋಗಿ ತಂಗಿಯ ಪಕ್ಕ ಕೂತು ಬರಬೇಕು, ಇದೊಂದೇ ದೊಡ್ಡತ್ತೆಯ ಆಸೆ. ನೀವು ನಡುವೆ ಹೊಳೆ ಅಡ್ಡ ಇತ್ತು ಅಂದ್ಕೊಳ್ಳಬೇಡಿ. ಅಡ್ಡ ಇದ್ದದ್ದು ಮೆಟ್ಟಿಲು.

ಕಾಲಿನ ಡಾಕ್ಟರು

ಭಟ್ಕಳದ ಪೇಟೆಗೆ ಆಗ ವಾರಕ್ಕೊಮ್ಮೆ ಒಬ್ಬ ಡಾಕ್ಟರು ಬರುತ್ತಿದ್ದರು. ಮೂಳೆ, ಸೊಂಟ, ಕಾಲು ಇವಕ್ಕೇ ಹೆಸರಾದವರು. ಅತ್ತೆಯನ್ನು ತೋಳಿನ ಕುರ್ಚಿಯಲ್ಲಿ ಕೂರಿಸಿ ನಾನೂ ನಮ್ಮ ಬಸ್ಸಿನ ಡ್ರೈವರೂ ಕರೆದುಕೊಂಡು ಹೋದೆವು. ನೋಡಿದರೆ ದವಾಖಾನೆ ಮಾಳಿಗೆ ಮೇಲೆ! ಕಾಲಿನ ಡಾಕ್ಟರು, ಮಾಳಿಗೆ ಮೇಲೆ! ಕೆಳಗಿನ ಜಗಲಿಯಲ್ಲಿ ಎಂತ ಇತ್ತು ಗೊತ್ತುಂಟಾ? ಛತ್ರಿ ರಿಪೇರಿ ಅಂಗಡಿ.

ಕಂಪೌಂಡರು ಮೇಲಿಂದ ಇಣುಕಿ, "ಹತ್ತಿ ಬನ್ನಿ. ಡಾಕ್ಟರು ಕೆಳಗೆ ಬರೂದಿಲ್ಲ" ಅಂದ.

"ಹತ್ತೂಕೆ ಬಂದಿದ್ರೆ ನಿಮ್ಮ ಡಾಕ್ಟರು ನಂಗೆ ಎಂತಕೆ?" ಅತ್ತೆ ಕೆಳಗಿಂದ ಕೂಗಿದಳು.

ಅವನು ತಲೆ ಒಳಗೆಳೆದುಕೊಂಡ. ಕಡೆಗೆ ನಾನೂ ಡ್ರೈವರೂ ಕುರ್ಚಿ ಸಮೇತ ಹೊತ್ತೆವು. ಡ್ರೈವರು ಭಟ್ಕಳದವರೇ, ಮನೆಯಲ್ಲಿ ನವಾಯತಿ ಭಾಷೆ, ನಮ್ಮ ಜೊತೆ ಕನ್ನಡ. ದಪ್ಪ ಆಳು ಬೇರೆ. ಒಂದೊಂದು ಮೆಟ್ಟಿಲಿಗೂ "ಯಾ ಅಲ್ಲಾ" ಅಂತ ಅವರು, "ನಿಧಾನ ತಮ್ಮಾ" ಅಂತ ಅತ್ತೆ. ಮೇಲೆ ಮುಟ್ಟುವಾಗ ನಮ್ಮಿಬ್ಬರ ಸೊಂಟಕ್ಕೂ ಡಾಕ್ಟರು ಬೇಕಾಗಿತ್ತು.

ಡಾಕ್ಟರು ಒತ್ತಿ ನೋಡಿದರು, ಬಗ್ಗಿಸಿ ನೋಡಿದರು. ಎಣ್ಣೆ ಬರೆದುಕೊಟ್ಟರು. ಆಮೇಲೆ ಬಹಳ ಗಂಭೀರವಾಗಿ ಹೇಳಿದರು: "ಅಮ್ಮಾ, ಒಂದೇ ಒಂದು ಪಥ್ಯ. ಇನ್ನು ಮೇಲೆ ಮೆಟ್ಟಿಲು ಅಂತ ಹತ್ತಲೇಬಾರದು. ಮುಂದಿನ ವಾರ ಬಂದು ತೋರಿಸಿ."

ಅತ್ತೆ ಸೆರಗು ಸರಿಮಾಡಿಕೊಂಡು ಹೇಳಿದಳು: "ಆತು ಡಾಕ್ಟ್ರೇ. ಛತ್ರಿ ಅಂಗಡಿಯಲ್ಲಿ ಕೂತಿರ್ತೆ, ಇಳಿದು ಬನ್ನಿ."

ಹೊರುವುದು ಒಂದೇ ಸಲ

ಎಣ್ಣೆ ಹಚ್ಚಿ ಸ್ವಲ್ಪ ಗುಣ ಕಂಡ ಕೂಡಲೇ ಅತ್ತೆ ಕುಮಟೆಗೆ ಹೊರಟಳು. ಧಕ್ಕೆಯಲ್ಲಿ ಲಾಂಚಿನವನು ಒಳ್ಳೆಯ ಮನುಷ್ಯ. "ಅಮ್ಮಾ, ಉಬ್ಬರ ಬರಲಿ. ನೀರು ಏರಿದರೆ ಲಾಂಚು ಧಕ್ಕೆಯ ಮೇಲ್ಗಡೆಗೇ ಸಮ ಬರ್ತದೆ, ಮೆಟ್ಲೇ ಬೇಡ" ಅಂದ. ನಾವು ಕಾದೆವು. ಉಬ್ಬರ ಬಂತು, ನೀರು ಏರಿ ಏರಿ ಧಕ್ಕೆಗೆ ಸಮ ಆಯಿತು. ಆದರೆ ಅಷ್ಟರಲ್ಲಿ ಲಾಂಚು ಆಚೆ ದಡಕ್ಕೆ ಹೋಗಿತ್ತು. ಅಲ್ಲಿ ಯಾರೋ ದೊಡ್ಡವರು ಊಟ ಮುಗಿಸಿ ಬರಬೇಕಂತೆ. ಅವರು ಉಂಡು, ಎಲೆಯಡಿಕೆ ಹಾಕಿ, ಲಾಂಚು ಈಚೆ ಬರುವಾಗ ಇಳಿತ ಶುರುವಾಗಿ ಹಾವಸೆ ಕಟ್ಟಿದ ಮೆಟ್ಟಿಲೆಲ್ಲ ಹಲ್ಲು ಕಿರಿಯುತ್ತಿದ್ದವು. ನೀರಿದ್ದಾಗ ಲಾಂಚಿಲ್ಲ, ಲಾಂಚಿದ್ದಾಗ ನೀರಿಲ್ಲ.

ಇಬ್ಬರು ಹಮಾಲರು, "ನಾವು ಹೊರ್ತೇವೆ, ಎಂತ ಭಯ ಇಲ್ಲ" ಅಂತ ಕುರ್ಚಿ ಎತ್ತಿದರು. ಮುಂದಿದ್ದವನ ಕಾಲು ಹಾವಸೆಯ ಮೇಲೆ ಜಾರಿತು. ಕುರ್ಚಿ ಅವನನ್ನು ಬಿಟ್ಟು ತಾನೊಂದೇ ಇಳಿಯಿತು. ಕೆಳಗೆ ಒಬ್ಬ ಮೀನು ಮಾರುವ ಹೆಂಗಸು ಬುಟ್ಟಿ ಇಟ್ಟುಕೊಂಡು ಲಾಂಚಿಗೆ ಕಾಯುತ್ತಿದ್ದಳು. ಅತ್ತೆ ಹೋಗಿ ಸರಿಯಾಗಿ ಬುಟ್ಟಿಯ ಮೇಲೆ ಕೂತಳು. ದೇವರ ದಯೆ, ಪೆಟ್ಟಾಗಲಿಲ್ಲ. ಪೆಟ್ಟಾದದ್ದು ಬಂಗಡೆಗೆ.

ಮೀನಿನವಳು ಬಾಯಿ ಬಡಿದುಕೊಂಡಳು. ಅತ್ತೆ ಬುಟ್ಟಿಯ ಮೇಲೆ ಕೂತಲ್ಲಿಂದಲೇ ಶಪಥ ಮಾಡಿದಳು: "ಕೇಳಿ ಎಲ್ಲರೂ. ನನ್ನನ್ನು ಹೊರೂದು ಇನ್ನು ಒಂದೇ ಸಲ. ಆಗ ನಾಲ್ಕು ಜನ ಬನ್ನಿ, ನಾನು ಎಂತದೂ ಹೇಳೂದಿಲ್ಲ. ಅಲ್ಲಿವರೆಗೆ ಯಾರಾದ್ರೂ ಮುಟ್ಟಿದ್ರೆ ನೋಡ್ಕಳಿ!"

ಅಷ್ಟರಲ್ಲಿ ಅವಳ ಕಣ್ಣು ಪಕ್ಕಕ್ಕೆ ಹೋಯಿತು. ಮೆಟ್ಟಿಲಿನಿಂದ ಸ್ವಲ್ಪ ದೂರದಲ್ಲಿ ನೀರಿನವರೆಗೂ ಇಳಿಜಾರಾದ ಒಂದು ದಾರಿ. ಅದರ ತುದಿಯಲ್ಲಿ ಜಂಗಲ್ಲು, ಅಂದರೆ ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ್ದು. ಲಾರಿ, ಗಾಡಿ, ದನ ಎಲ್ಲ ಹೊಳೆ ದಾಟುತ್ತಿದ್ದದ್ದು ಅದರಲ್ಲಿ. ಆ ಇಳಿಜಾರಿನಲ್ಲಿ ಒಂದು ಎಮ್ಮೆ ಬಾಲ ಬೀಸಿಕೊಂಡು, ಮೆಲುಕು ಹಾಕಿಕೊಂಡು, ಮದುವೆ ಮನೆಗೆ ಹೊರಟ ಬೀಗಿತ್ತಿಯ ಹಾಗೆ ನಡೆದು ಜಂಗಲ್ಲು ಹತ್ತಿತು.

ಅತ್ತೆ ಜಂಗಲ್ಲಿನವನನ್ನು ಕರೆದು ಕೇಳಿದಳು: "ಏ ತಮ್ಮಾ, ಆ ದಾರಿಯಲ್ಲಿ ನಾನೂ ಬರ್ಲಾ?"

"ಅದು ಜಾನುವಾರಿಗೆ, ವಾಹನಕ್ಕೆ. ಧಕ್ಕೆ ಕಂತ್ರಾಟದಾರರ ಕಾನೂನು. ಮನುಷ್ಯರಿಗೆ ಮೆಟ್ಲು ಮಾಡಿ ಕೊಟ್ಟದೆಯಲ!"

ಮಾಡಿ ಕೊಟ್ಟದೆಯಂತೆ! ಅತ್ತೆ ಎಮ್ಮೆಯನ್ನೇ ನೋಡುತ್ತ ಸೀರೆಗೆ ಅಂಟಿದ ಬಂಗಡೆ ಬಿಡಿಸಿ ಮೀನಿನವಳಿಗೆ ಕೊಟ್ಟು ಹೇಳಿದಳು: "ಮುಂದಿನ ಜನ್ಮಕ್ಕೆ ಮನುಷ್ಯ ಜನ್ಮ ಬೇಡ್ವೇ ಬೇಡ. ಎಮ್ಮೆಯೇ ಆಗ್ಲಿ. ಕುಮಟೆಗಾದ್ರೂ ಹೋಗ್ಬಹುದು."

ಧರೆ ಸ್ಟಾಪು

ಆ ದಿನ ವಾಪಸು ಮೇಲೆ ಬರುವುದಕ್ಕೆ ಮಾತ್ರ ಜಂಗಲ್ಲಿನವನು ಇಳಿಜಾರು ಬಿಟ್ಟುಕೊಟ್ಟ, ಮನೆ ಮುಟ್ಟಿಸಿದ್ದು ಎತ್ತಿನ ಗಾಡಿ. ಶಪಥದ ಬಿಸಿ ಮೊದಲು ತಟ್ಟಿದ್ದು ನಮ್ಮ ಬಸ್ಸಿಗೆ. ಅದರ ಮೊದಲ ಮೆಟ್ಟಿಲೇ ನನ್ನ ಮಂಡಿಗೆ ಬರುತ್ತಿತ್ತು. ಅಲ್ಲಿಯವರೆಗೆ ಅತ್ತೆಯನ್ನು ಎತ್ತಿ ಹತ್ತಿಸುತ್ತಿದ್ದೆವು, ಇನ್ನು ಎತ್ತುವ ಹಾಗಿಲ್ಲ. ಅವಳಿಗೋ ಭಟ್ಕಳದ ಸಂತೆಗೆ ಹೋಗದೆ ಊಟ ಸೇರುವುದಿಲ್ಲ.

ಉಪಾಯ ಕಂಡದ್ದು ಡ್ರೈವರಿಗೆ. ನಮ್ಮ ಸ್ಟಾಪಿನ ಕಂಬಕ್ಕಿಂತ ಸ್ವಲ್ಪ ಈಚೆ ರಸ್ತೆಯನ್ನು ಗುಡ್ಡ ಕಡಿದು ಮಾಡಿದ್ದರು. ಪಕ್ಕದಲ್ಲಿ ಉಳಿದ ಮಣ್ಣಿನ ದಂಡೆ, ನಮ್ಮ ಮಾತಲ್ಲಿ ಧರೆ, ಬಸ್ಸಿನ ಒಳನೆಲಕ್ಕೆ ಸರಿಸಮ. ನಮ್ಮ ಕೇರಿಯ ದಾರಿಯೂ ಅದರ ಮೇಲೆಯೇ ಬರುತ್ತದೆ. ಡ್ರೈವರು ಬಸ್ಸನ್ನು ಧರೆಗೆ ಉಜ್ಜುವ ಹಾಗೆ ತಂದು ನಿಲ್ಲಿಸಿ, ಸೀಟಿನಡಿಯಿಂದ ಒಂದು ಹಲಸಿನ ಹಲಗೆ ಎಳೆದು ಅಡ್ಡ ಹಾಕಿದರು. ಅತ್ತೆ ಕೋಲೂರಿಕೊಂಡು ನಡುಮನೆಯಿಂದ ಅಡುಗೆಮನೆಗೆ ಹೋದಷ್ಟು ಸಲೀಸಾಗಿ ಬಸ್ಸಿನೊಳಗೆ ಬಂದಳು. ಭಟ್ಕಳದಲ್ಲಿ ಅಕ್ಕಿ ಮೂಟೆ ಇಳಿಸುವ ಗೋದಾಮಿನ ಜಗಲಿಗೆ ಬಸ್ಸು ತಾಗಿಸಿ, ಅದೇ ಹಲಗೆ ಹಾಕಿ ಇಳಿಸಿದೆವು. ಅಲ್ಲಿಂದ ಬೀದಿಗೆ ಕೈಗಾಡಿಯ ಇಳಿಜಾರು ಇದ್ದೇ ಇತ್ತು.

ವಾರ ಕಳೆಯುವುದರೊಳಗೆ ಬಸುರಿಯರು, ಬಾಣಂತಿಯರು, ಬೆಲ್ಲದ ಡಬ್ಬಿ ಹೊತ್ತವರು ಎಲ್ಲ ಧರೆಯ ಮೇಲೆಯೇ ಬಂದು ನಿಲ್ಲತೊಡಗಿದರು. ಕಂಬದ ಹತ್ತಿರ ನಿಲ್ಲಲು ಒಂದು ನಾಯಿಯೂ ಇರಲಿಲ್ಲ.

ಒಂದು ದಿನ ಕಂಪನಿಯ ಚೆಕ್ಕರು ಬಂದ. ಹೊಟ್ಟೆಯ ಮನುಷ್ಯ, ಉಬ್ಬಸ ಬೇರೆ. ಧರೆಯ ಹತ್ತಿರ ಬಸ್ಸು ನಿಂತದ್ದು ನೋಡಿ ಕೆಂಡವಾದ. "ಕಂಬ ಎಲ್ಲಿ, ನೀವು ನಿಲ್ಲಿಸೂದು ಎಲ್ಲಿ? ಕಂಬ ಇದ್ದಲ್ಲಿ ಸ್ಟಾಪು!"

ಅತ್ತೆ ಕಿಟಕಿಯಿಂದ ಕೇಳಿದಳು: "ಕಂಬ ಇಲ್ಲಿಲ್ಲ, ಅದೊಂದೇ ತೊಂದರೆಯಾ?"

"ಅದೊಂದೇ!"

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಬರುವಾಗ ಕಂಬ ಧರೆಯ ಮೇಲಿತ್ತು. ಯಾರು ತಂದರು ಅಂತ ಕೇಳಿದರೆ ಕೇರಿಯ ಹೆಂಗಸರೆಲ್ಲ ಆಕಾಶ ನೋಡಿದರು. ಕಂಬದ ಬುಡಕ್ಕೆ ಹೊಸ ಮಣ್ಣು, ಅವರ ಕೈಗೂ ಅದೇ ಮಣ್ಣು.

ಮುಂದಿನ ಸಲ ಬಂದ ಚೆಕ್ಕರು ಕಂಬ ನೋಡಿದ, ಹಲಗೆ ನೋಡಿದ, ತಾನೂ ಅದರ ಮೇಲೆ ನಡೆದು ಬಸ್ಸಿನೊಳಗೆ ಬಂದ. ಉಬ್ಬಸ ಬರಲಿಲ್ಲ. ಸುಖವಾಗಿ ಕೂತು ನನಗೆ ಬುದ್ಧಿ ಹೇಳಿದ: "ಕಂಡ್ಯಾ? ನಾನು ಮೊನ್ನೆ ಗದರಿಸಿದ್ದಕ್ಕೆ ನೀವು ಸರಿಯಾದ ಜಾಗದಲ್ಲಿ ನಿಲ್ಲಿಸೂಕೆ ಕಲಿತ್ರಿ. ಜನಕ್ಕೆ ಎಷ್ಟು ಅನುಕೂಲ ಆತು ನೋಡು!"

ಬಾಡಿಗೆ ಕರು

ಬಸ್ಸು ಗೆದ್ದ ಮೇಲೆ ಅತ್ತೆಗೆ ಧೈರ್ಯ ಬಂತು. ಪುನಃ ಧಕ್ಕೆಗೆ ಹೋಗಿ, ಅಲ್ಲೂ ಒಂದು ದಿಬ್ಬಕ್ಕೆ ಹಲಗೆ ಹಾಕಿಸಿಕೊಂಡು ಇಳಿದು, ಜಂಗಲ್ಲಿನವನನ್ನು ವಿಚಾರಿಸಿದಳು. "ದನ ಒಂದೇ ಹೋಗ್ತದ್ಯಾ, ಜೊತೆಗೆ ಯಾರೂ ಇಲ್ವಾ?"

"ಒಂದು ಜಾನುವಾರಿಗೆ ಒಬ್ಬ ಧಣಿ ಹೋಗ್ಬಹುದು" ಅಂದ ಅವನು.

ಮುಗೀತಲ್ಲ! ಪಕ್ಕದ ಮನೆಯವರನ್ನು ಒಂದು ಕುಡ್ತೆ ಅಳತೆ ಕಾಫಿಪುಡಿಗೆ ಒಪ್ಪಿಸಿ ಅವರ ಕರುವನ್ನು ಬಾಡಿಗೆಗೆ ತಂದಳು. ಸೀರೆ ಬದಲಿಸಿ, ಮಲ್ಲಿಗೆ ಕಟ್ಟಿ, ತಂಗಿಗೆ ಅಂತ ಹೋಳಿಗೆ ಮಾಡಿಸಿ ಹೊರಟಳು. ಕರುವನ್ನು ಬಸ್ಸಿಗೆ ಅದೇ ಹಲಗೆಯ ಮೇಲೆ ಹತ್ತಿಸಿದೆ. ಕಂಡಕ್ಟರಾಗಿ ನಾನು ಮಾಡಿದ ಕೆಲಸಗಳಲ್ಲಿ ಅದೊಂದನ್ನು ಚೆಕ್ಕರಿಗೆ ಇವತ್ತಿನವರೆಗೆ ಹೇಳಿಲ್ಲ.

ಧಕ್ಕೆಯಲ್ಲಿ ಕರು ಇಳಿಜಾರು ಇಳಿದು ಜಂಗಲ್ಲಿಗೆ ನಡೆಯಿತು. ಅತ್ತೆಯೂ ಹಗ್ಗ ಹಿಡಿದು ಹಿಂದೆಯೇ ಹೊರಟಳು. ಇಳಿಜಾರಿನಲ್ಲಿ ಸಗಣಿ, ಕೆಸರು. ಜಾರಬಾರದು ಅಂತ ಒಂದು ರಟ್ಟೆ ನಾನು, ಒಂದು ರಟ್ಟೆ ಡ್ರೈವರು ಹಿಡಿದುಕೊಂಡೆವು. ಹಿಡಿದುಕೊಳ್ಳುವುದಕ್ಕೆ ಅತ್ತೆಯ ತಕರಾರಿರಲಿಲ್ಲ, ಹೊರುವುದಕ್ಕೆ ಮಾತ್ರ.

ತಕರಾರು ಬಂದದ್ದು ಜಂಗಲ್ಲಿನವನಿಂದ. "ನಿಲ್ಲಿ ನಿಲ್ಲಿ! ಕರು ಒಂದು, ಧಣಿಗಳು ಮೂರು?"

"ಧಣಿ ನಾನು. ಇವರು ನನ್ನನ್ನು ಹಿಡ್ಕಳೂಕೆ" ಅಂದಳು ಅತ್ತೆ.

"ಕಾನೂನು ಕಾನೂನೇ. ಮೂರು ಜನ ಬರೂದಾದ್ರೆ ಮೂರು ಜಾನುವಾರು ತನ್ನಿ."

ನನಗೆ ಮೈ ಉರಿಯಿತು. "ಅಲ್ಲ ಮಾರಾಯಾ, ನಿನ್ನ ಮನೆಯಲ್ಲಿ ತಾಯಿ ಇಲ್ವಾ?" ಅಂದೆ. "ಇದ್ದಾಳೆ, ಅವಳು ಮೆಟ್ಲಲ್ಲೇ ಹೋಗ್ತಾಳೆ" ಅಂದ. ಡ್ರೈವರು ಹಾರಿಬಿದ್ದರು, ಅವನೂ ಹಾರಿಬಿದ್ದ, ಲಾಂಚಿಗೆ ಕಾಯುತ್ತಿದ್ದವರೆಲ್ಲ ಎರಡು ಪಂಗಡವಾಗಿ ನ್ಯಾಯ ಹೇಳತೊಡಗಿದರು. ಆ ಗಲಾಟೆಯಲ್ಲಿ ಹಗ್ಗ ಯಾರ ಕೈಯಲ್ಲಿ ಇದೆ ಅಂತ ಯಾರೂ ನೋಡಲಿಲ್ಲ. ಇಳಿತ ಶುರುವಾದದ್ದು ಕಂಡು ದೋಣಿಯ ಆಳುಗಳು ಗಳ ಹಾಕಿ ಜಂಗಲ್ಲು ತಳ್ಳಿಯೇಬಿಟ್ಟರು. ತಿರುಗಿ ನೋಡುವಾಗ ಅದು ಹೊಳೆಯ ನಡುವೆ ಇತ್ತು. ಕರು ನಮ್ಮ ಕಡೆ ಮುಖ ಮಾಡಿ ನಿಂತು "ಅಂಬಾ" ಅಂದಿತು.

ಸಂಜೆಯವರೆಗೆ ಹೊನ್ನಾವರ ಪೇಟೆ ತಿರುಗಿ, ಯಾರದೋ ಅಂಗಡಿಯ ಬಾಳೆಗೊನೆ ತಿಂದು ಬೈಗುಳ ತಂದ ಕರುವನ್ನು ಮರುದಿನ ನಾನು ಹೋಗಿ ಕರೆತಂದೆ. ಅತ್ತೆ ಅಂಗಳದಲ್ಲಿ ಅದರ ಮೈ ಸವರುತ್ತ ಕೂತಿದ್ದಳು. ಕಣ್ಣು ತುಂಬಿತ್ತು, ಸುಳ್ಳು ಹೇಳಬಾರದು. "ನೋಡು ತಮ್ಮಾ, ಹೋಳಿಗೆ ಹಳಸಿತು" ಅಂದಳು. ಆಮೇಲೆ ಕರುವಿನ ಕಿವಿ ಹಿಂಡಿದಳು: "ಹೊನ್ನಾವರಕ್ಕೆ ಹೋದವಳು ಕುಮಟೆಗೂ ಒಂದು ಹೆಜ್ಜೆ ಹೋಗಿ ನನ್ನ ತಂಗಿ ಹೇಂಗಿದ್ದಾಳೆ ಅಂತ ನೋಡ್ಕಂಡು ಬರೂದಲ್ವನೇ?"

ಮೂಟೆಯ ಮರ್ಯಾದೆ

ಆ ವರ್ಷವೇ ಬಸ್ಸಿನ ಟಯರು ತರಲು ಕಂಪನಿ ನನ್ನನ್ನು ಘಟ್ಟದ ಮೇಲಿನ ಒಂದು ಸಣ್ಣ ರೈಲ್ವೆ ಸ್ಟೇಷನ್ನಿಗೆ ಕಳಿಸಿತು. ಹೆಸರು ಬೇಡ, ಎಲ್ಲ ಹಳ್ಳಿ ಸ್ಟೇಷನ್ನೂ ಒಂದೇ. ನಾನು ರೈಲು ನೋಡಿದ್ದು ಅದೇ ಮೊದಲು. ರೈಲು ಅಂದರೆ ದೊಡ್ಡ ಸುಖ ಅಂತ ಕೇಳಿದ್ದೆ. ನೋಡಿದರೆ ಪ್ಲಾಟ್‌ಫಾರಂ ನೆಲದಲ್ಲಿ, ರೈಲಿನ ಬಾಗಿಲು ಆಕಾಶದಲ್ಲಿ! ನಡುವೆ ಏಣಿಯ ಹಾಗೆ ಕಬ್ಬಿಣದ ಮೆಟ್ಟಿಲು. ಒಬ್ಬ ಮುದುಕನನ್ನು ಇಬ್ಬರು ಮಕ್ಕಳು ಹಿಂದಿನಿಂದ ನೂಕುತ್ತಿದ್ದರು, ಒಳಗಿಂದ ಯಾರೋ ಎಳೆಯುತ್ತಿದ್ದರು. ಮುದುಕನ ರುಮಾಲು ಒಂದು ಕಡೆ, ಜೋಡು ಒಂದು ಕಡೆ, ಮಾನ ಇನ್ನೊಂದು ಕಡೆ.

ನನ್ನ ಟಯರು ಇದ್ದದ್ದು ಸ್ಟೇಷನ್ನಿನ ಆಚೆ ತುದಿಯ ಮಾಲಿನ ಕಟ್ಟೆಯಲ್ಲಿ. ಅಲ್ಲಿ ನೋಡಿದರೆ ಎಂತ! ಕಟ್ಟೆ ರೈಲು ಡಬ್ಬಿಯ ನೆಲಕ್ಕೆ ಸರಿಸಮ! ರಸ್ತೆಯಿಂದ ಕಟ್ಟೆಗೆ ನಯವಾದ ಇಳಿಜಾರು. ಬೆಲ್ಲದ ಮೂಟೆಗಳು ಕೈಗಾಡಿಯಲ್ಲಿ ಕೂತು, ಒಂದು ಕುಲುಕಾಟ ಇಲ್ಲದೆ ಸೀದಾ ರೈಲಿನೊಳಗೆ ಹೋಗುತ್ತಿದ್ದವು.

ಅಲ್ಲಿದ್ದ ನೌಕರನ ಹತ್ತಿರ ಜಗಳಕ್ಕೇ ನಿಂತೆ. "ಬೆಲ್ಲಕ್ಕೆ ಮಾಡಿದ್ದನ್ನು ಮನುಷ್ಯರಿಗೆ ಮಾಡಿದ್ರೆ ಎಂತ ಗಂಟು ಹೋಗ್ತಿತ್ತು?"

ಅವನು ಬೀಡಿ ಹಚ್ಚಿಕೊಂಡು ಶಾಂತವಾಗಿ ಹೇಳಿದ: "ಮೂಟೆ ಬಿದ್ರೆ ನಷ್ಟ ನಮ್ದು ರೀ. ಮನುಷ್ಯ ಬಿದ್ರೆ ಅವನ್ದು."

ಊರಿಗೆ ಬಂದು ಅತ್ತೆಗೆ ಹೇಳಿದೆ. ಅವಳು ಬೈಯಬಹುದು ಅಂದುಕೊಂಡಿದ್ದೆ. ಬೈಯಲಿಲ್ಲ. ಎಲೆಗೆ ಸುಣ್ಣ ಹಚ್ಚಿ ಮಡಿಸಿ ಬಾಯಿಗಿಟ್ಟಳು. ಆಮೇಲೆ, "ಅವನು ಹೇಳಿದ್ದು ಸರಿ ತಮ್ಮಾ. ನಾವು ಬಿದ್ದದ್ದು ಸಾಕು. ಇನ್ನು ಅವರಿಗೆ ನಷ್ಟ ಆಗೂ ಹಾಂಗೆ ಎಲ್ಲಾದ್ರೂ ಕೂತ್ಕಳಬೇಕು" ಅಂದಳು.

ಮಾಳಿಗೆ ಸಭೆ

ಕೂತುಕೊಳ್ಳುವ ಜಾಗ ತಾನಾಗಿಯೇ ಬಂತು. ಕರಾವಳಿಗೂ ರೈಲು ಬರ್ತದಂತೆ ಅಂತ ಆಗ ಸುದ್ದಿಯೋ ಸುದ್ದಿ. ರೈಲು ಬಂದರೆ ಜನರಿಗೆ ಎಂತೆಂಥ ಅನುಕೂಲ ಬೇಕು ಅಂತ ಕೇಳಲು ಘಟ್ಟದ ಮೇಲಿಂದ ಒಬ್ಬ ಸಾಹೇಬರು ಭಟ್ಕಳಕ್ಕೆ ಬಂದರು. ಯಾರು ಬೇಕಾದರೂ ಬಂದು ಅಹವಾಲು ಹೇಳಬಹುದು ಅಂತ ಡಂಗುರ. ಅತ್ತೆ ತನ್ನ ತೋಳಿನ ಕುರ್ಚಿ ಸಮೇತ ಮೊದಲ ಬಸ್ಸಿಗೇ ಹೊರಟಳು, ಹಲಗೆ ಮೇಲೆ ಹತ್ತಿ, ಗೋದಾಮಿನ ಜಗಲಿಗೆ ಇಳಿದು. ಸಭೆ ಅದೇ ಬೀದಿಯಲ್ಲಿ. ಎಲ್ಲಿ ಹೇಳಿ? ಒಬ್ಬ ವ್ಯಾಪಾರಿಯ ಮಾಳಿಗೆ ಮೇಲೆ! ಗೋಡೆ ನಡುವಿನ ಇಕ್ಕಟ್ಟಾದ ಮರದ ಮೆಟ್ಟಿಲು, ಕೆಳಗೆ ಬೀದಿಗೆ ಒಂದೇ ಬಾಗಿಲು.

ಬಾಗಿಲಲ್ಲಿದ್ದ ಸ್ವಯಂಸೇವಕನಿಗೆ ಅತ್ತೆ ಹೇಳಿದಳು: "ಸಾಹೇಬ್ರಿಗೆ ಒಂದು ಮಾತು ಹೇಳೂದಿತ್ತು. ಸ್ವಲ್ಪ ಕೆಳಗೆ ಕರೀ."

"ಸಭೆ ಮೇಲೆ ಅಜ್ಜಿ. ಬೇಕಾದವರು ಹತ್ತಿ ಬರ್ಬೇಕು."

"ಹೌದಾ. ಆತು" ಅಂದಳು ಅತ್ತೆ. ಅವಳು ಅಷ್ಟು ಸಣ್ಣ ಸ್ವರದಲ್ಲಿ ಆತು ಅಂದರೆ ನನಗೆ ಹೆದರಿಕೆ ಆಗ್ತದೆ. "ತಮ್ಮಾ, ಕುರ್ಚಿ ಇಲ್ಲಿ ಹಾಕು" ಅಂತ ಮೆಟ್ಟಿಲ ಬುಡ ತೋರಿಸಿದಳು. ಹಾಕಿದೆ. ಕೂತಳು. ಕುರ್ಚಿಯ ಈಚೆ ತೋಳು ಈಚೆ ಗೋಡೆಗೆ, ಆಚೆ ತೋಳು ಆಚೆ ಗೋಡೆಗೆ. ಬಾಗಿಲು ಮುಚ್ಚಿದ ಹಾಗೆ ಆಯಿತು.

ಮೇಲೆ ಭಾಷಣ ಶುರುವಾಯಿತು. ಒಬ್ಬರಿಗೆ ಸ್ಟೇಷನ್ನಿನಲ್ಲಿ ಗಡಿಯಾರ ಬೇಕು, ಒಬ್ಬರಿಗೆ ತಮ್ಮ ಅಜ್ಜನ ಹೆಸರು ಬೇಕು, ಒಬ್ಬರಿಗೆ ಹೂದೋಟ ಬೇಕು. ಮೆಟ್ಟಿಲು ಬೇಡ ಅಂತ ಒಬ್ಬನೂ ಹೇಳಲಿಲ್ಲ. ಹೇಳುವವರು ಮೇಲೆ ಬಂದಿದ್ದರೆ ತಾನೇ? ಚಾ ತಂದ ಹೊಟೇಲಿನವನು ಮೇಲೆ ಹೋಗಲು ನೋಡಿದ. ಅತ್ತೆ ಚಾ ಕುಡಿದು, ನಮಗೂ ಕೊಡಿಸಿ, ಅವನನ್ನು ವಾಪಸು ಕಳಿಸಿದಳು.

ಸಭೆ ಮುಗಿಯಿತು. ಸಾಹೇಬರು ಹಾರ ಹಾಕಿಕೊಂಡು ಅವಸರದಲ್ಲಿ ಇಳಿದು ಬಂದರು. ಇಳಿತ ಶುರುವಾಗುವುದರೊಳಗೆ ಅವರ ಜೀಪು ಹೊಳೆ ದಾಟಬೇಕು, ಇಲ್ಲದಿದ್ದರೆ ಜಂಗಲ್ಲು ಮರಳಿಗೆ ಕೂತುಬಿಡ್ತದೆ. ಕೊನೆಯ ಮೆಟ್ಟಿಲಲ್ಲಿ ಅತ್ತೆ ಎದುರಾದಳು.

"ಸ್ವಲ್ಪ ಜರುಗಿ ಅಮ್ಮ" ಅಂದರು.

"ಹತ್ತೂಕೆ ನಂಗೆ ಆಗೂದಿಲ್ಲ ಸಾಹೇಬ್ರೆ. ಇಳಿಯೂಕೆ ಈಗ ನಿಮಗೆ ಆಗೂದಿಲ್ಲ. ಇಬ್ಬರೂ ಸಮ ಆದ್ವು, ಇನ್ನು ಮಾತಾಡ್ವ."

ಹಿಂದಿನಿಂದ ಯಾರೋ, "ಕುರ್ಚಿ ಎತ್ತಿ ಪಕ್ಕಕ್ಕಿಡಿ!" ಅಂದರು. ಡ್ರೈವರು ಕೈ ಕಟ್ಟಿ ನಿಂತು, "ಎತ್ತೂದಾದ್ರೆ ನಾಲ್ಕು ಜನ ಬೇಕು, ಅವರದ್ದು ಶಪಥ ಉಂಟು" ಅಂದರು. ಬೀದಿಯಲ್ಲಿ ಆಗಲೇ ಜನ ಸೇರಿತ್ತು. ಯಾರೂ ಮುಂದೆ ಬರಲಿಲ್ಲ.

ಸಾಹೇಬರು ನಿಟ್ಟುಸಿರು ಬಿಟ್ಟು ಮೆಟ್ಟಿಲ ಮೇಲೆಯೇ ಕೂತರು. "ಹೇಳಮ್ಮ, ಏನಾಗಬೇಕು?"

ಅತ್ತೆ ಎಲ್ಲವನ್ನೂ ಹೇಳಿದಳು. ಎಮ್ಮೆಯ ಇಳಿಜಾರು, ಬೆಲ್ಲದ ಕಟ್ಟೆ, ಹಳಸಿದ ಹೋಳಿಗೆ, ಕಣ್ಣಿಲ್ಲದ ತಂಗಿ. "ನಿಮ್ಮ ರೈಲು ಬಂದಾಗ ನಮ್ಮನ್ನೂ ಮೂಟೆ ಹತ್ತೂವಲ್ಲೇ ಹತ್ಸಿ, ಅಷ್ಟು ಸಾಕು. ಆದ್ರೆ ರೈಲು ಬರೂವರೆಗೆ ನಾನು ಇರೂದಿಲ್ಲ, ನನ್ನ ತಂಗಿಯೂ ಇರೂದಿಲ್ಲ. ಅಷ್ಟರೊಳಗೆ ಧಕ್ಕೆಗೆ ಒಂದು ಇಳಿಜಾರು ಮಾಡ್ಸಿ ಕೊಡಿ."

"ಧಕ್ಕೆ ನನ್ನ ಖಾತೆ ಅಲ್ಲಮ್ಮ, ಅದು ಕಂತ್ರಾಟದಾರರದ್ದು" ಅಂದರು ಸಾಹೇಬರು.

"ಗೊತ್ತದೆ. ಅವರೂ ಮೇಲೆಯೇ ಸಿಕ್ಕಿಬಿದ್ದಾರೆ" ಅಂದಳು ಅತ್ತೆ.

ಹಾರ ಹಾಕಲು ಬಂದಿದ್ದ ಕಂತ್ರಾಟದಾರ ಗುಂಪಿನ ಕೊನೆಯಲ್ಲಿ ಅಡಗಿದ್ದ. ಸಾಹೇಬರು ಗಡಿಯಾರ ನೋಡಿ, ಕತ್ತೆತ್ತಿ ಒಂದು ಸಲ ಗದರಿದರು ನೋಡಿ! "ಎರಡೂ ದಡದಲ್ಲಿ ಮಾಡಿಸ್ತೇನೆ, ಮಳೆಗಾಲದ ಮೊದಲೇ ಮಾಡಿಸ್ತೇನೆ!" ಅಂತ ಮೇಲಿಂದ ಆಕಾಶವಾಣಿಯಾಯಿತು. ಅತ್ತೆ ಅಷ್ಟಕ್ಕೂ ಏಳಲಿಲ್ಲ. "ಅಲ್ಲಿವರೆಗೆ? ನಿಮ್ಮ ಜೀಪು ಕುಮಟೆಗೇ ಹೋಗೂದಲ್ವಾ?" ಅಂದಳು.

ಅದೇ ಹಲಗೆ ಹಾಕಿ, ಗೋದಾಮಿನ ಜಗಲಿಯಿಂದ ಅತ್ತೆಯನ್ನು ಜೀಪಿಗೆ ಹತ್ತಿಸಿದೆವು, ಜೊತೆಗೆ ನಾನೂ ಹಿಂದೆ ಹತ್ತಿ ಕೂತೆ. ಧಕ್ಕೆಯಲ್ಲಿ ಜಂಗಲ್ಲಿನವನು ಜೀಪಿನೊಳಗೆ ಇಣುಕಿದ, ಅತ್ತೆಯನ್ನು ಕಂಡ, ಹುಬ್ಬು ಗಂಟಿಕ್ಕಿದ. "ಸಾಹೇಬ್ರು ಕೂತ್ಕಳ್ಲಿ. ಈ ಅಮ್ಮ ಮಾತ್ರ..."

"ನಿನ್ನ ಕಾನೂನು ನಂಗೆ ಮರ್ತಿಲ್ಲ ತಮ್ಮಾ" ಅಂದಳು ಅತ್ತೆ. "ಒಂದು ಜಾನುವಾರಿಗೆ ಒಬ್ಬ ಧಣಿ. ಜಾನುವಾರು ನಾನು. ಧಣಿ ಇವರು."

ಶೋಭೆಗೆ

ಕುಮಟೆಯಲ್ಲಿ ಸಣ್ಣತ್ತೆ ಜಗಲಿಯಲ್ಲಿ ಕೂತಿದ್ದಳು. ಮಲ್ಲಿಗೆಯ ವಾಸನೆ ಹಿಡಿದು, "ಯಾರು, ಕಂಡಕ್ಟರನಾ? ಪೊಟ್ಟಣ ಅಲ್ಲೇ ಇಡು ತಮ್ಮಾ" ಅಂದಳು.

"ಈ ಸಲ ಪೊಟ್ಟಣ ದೊಡ್ಡದು, ಜಾಗ ಬಿಡು" ಅಂದಳು ದೊಡ್ಡತ್ತೆ. ಆಮೇಲೆ ಇಬ್ಬರೂ ಅತ್ತರು, ನಕ್ಕರು, ಇಷ್ಟು ದಿನ ಬರಲಿಲ್ಲ ಅಂತ ಒಬ್ಬರನ್ನೊಬ್ಬರು ಬೈದರು. ನಾನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ದೊಡ್ಡತ್ತೆ ಅಲ್ಲಿಯೇ ಉಳಿದಳು, ಇಳಿಜಾರು ಆದ ಮೇಲೆ ಹೇಳಿಕಳಿಸು ಅಂತ. ಕಂತ್ರಾಟದಾರನಿಗೆ ಸಾಹೇಬರ ಭಯವೋ, ಇವಳ ಭಯವೋ, ಮಳೆಗಾಲದ ಮೊದಲು ಎರಡೂ ದಡದಲ್ಲಿ ಕೆಲಸ ಮುಗಿಸಿದ. ಆಚೆ ಬಸ್ಸಿಗೂ ಬೇಕಲ್ಲ ಅಂತ ನಮ್ಮ ಹಲಗೆ ಹೊತ್ತುಕೊಂಡೇ ನಾನು ಕರೆತರಲು ಹೋದೆ. ಸಣ್ಣತ್ತೆಯೂ ಮಂಕಿಗೆ ಹೊರಟಳು. ಅವಳ ಕೈ ಇವಳ ಹೆಗಲ ಮೇಲೆ, ಇವಳ ಭಾರ ಅವಳ ರಟ್ಟೆಯ ಮೇಲೆ.

ಹೊನ್ನಾವರದ ಧಕ್ಕೆಯಲ್ಲಿ ಕಂತ್ರಾಟದಾರ ತಾನೇ ನಿಂತಿದ್ದ. ಇಳಿಜಾರು ಚೆನ್ನಾಗಿತ್ತು, ಇಲ್ಲ ಅನ್ನಬಾರದು. ಕೆಂಪು ಕಲ್ಲು, ಮೇಲೆ ಗಾರೆ, ಕೊನೆಗೆ ಲಾಂಚಿಗೆ ಹಾಕಲು ಅಗಲವಾದ ಹಲಗೆ. ನಾನು, "ಹೋಗ್ವ" ಅಂದೆ. ಎರಡು ಹೆಜ್ಜೆ ಹಾಕುವಷ್ಟರಲ್ಲಿ ಸಣ್ಣತ್ತೆಯ ಕಾಲು ಎಂತಕ್ಕೋ ಎಡವಿತು.

"ಅಕ್ಕಾ, ಇಲ್ಲೊಂದು ಮೆಟ್ಲು ಅದೆ" ಅಂದಳು.

ನೋಡಿದೆವು. ಹೌದು! ಇಳಿಜಾರು ಶುರುವಾಗುವ ಮೊದಲು, ನಯವಾಗಿ ಕೆತ್ತಿದ, ಗೇಣೆತ್ತರದ ಒಂದು ಕಲ್ಲಿನ ಮೆಟ್ಟಿಲು. ನನಗೆ ತಲೆ ಸಿಡಿಯಿತು. "ಇದೆಂತದ್ರೀ ಇದು?"

ಕಂತ್ರಾಟದಾರ ಹೆಮ್ಮೆಯಿಂದ ಹೇಳಿದ: "ಬೋಳು ಬೋಳು ಕಾಣ್ತಿತ್ತು. ಶೋಭೆಗೆ ಒಂದು ಇಡ್ಸಿದ್ದು."

ಇಳಿಜಾರಿಗೆ ಮೆಟ್ಟಿಲು, ಶೋಭೆಗೆ! ನಾನು ಬಾಯಿ ತೆರೆಯುವುದರೊಳಗೆ ದೊಡ್ಡತ್ತೆ ತಂಗಿಯ ಕೈ ಹಿಡಿದು ಆ ಕಲ್ಲಿನ ಮೇಲೆ ಕೂರಿಸಿದಳು, ಪಕ್ಕದಲ್ಲಿ ತಾನೂ ಕೂತಳು. ಇಳಿಜಾರಿನ ಅಗಲಕ್ಕೆ ಇಬ್ಬರೂ ಸರಿಯಾಗಿ ಹಿಡಿದರು.

"ಎಂತ ಮಾಡ್ತ್ರಿ ಅಮ್ಮಾ? ಲಾಂಚು ಹೊರಡ್ತದೆ, ಏಳಿ!"

"ಲಾಂಚು ಹೋಗ್ಲಿ. ನಾವಿಬ್ಬರೂ ಶೋಭೆಗೆ ಕೂತದ್ದು" ಅಂದಳು ದೊಡ್ಡತ್ತೆ. ಸಣ್ಣತ್ತೆ ಸೆರಗು ಸರಿಮಾಡಿಕೊಂಡು ಕೇಳಿದಳು: "ಅಕ್ಕಾ, ನಾನು ಚಂದ ಕಾಣ್ತ್ನಾ?"

ಲಾಂಚಿಗೆ ಹೊರಟವರೆಲ್ಲ ಹಿಂದೆ ನಿಂತರು. ಯಾರೂ ಹಳೆಯ ಮೆಟ್ಟಿಲ ಕಡೆ ಹೋಗಲಿಲ್ಲ, ಗಟ್ಟಿ ಕಾಲಿನವರೂ ಹೋಗಲಿಲ್ಲ. ತುಂಬದ ಲಾಂಚು ಬಿಡುವ ಹಾಗಿಲ್ಲ, ನಿಂತಷ್ಟು ಹೊತ್ತು ಡೀಸೆಲು ಉರಿಯುತ್ತದೆ, ನಷ್ಟ ಕಂತ್ರಾಟದಾರನದು. ಅವನು ಬೆವರು ಒರೆಸಿಕೊಂಡು ಗಾರೆ ಕೆಲಸದವನಿಗೆ ಕೂಗು ಹಾಕಿದ. ಗುದ್ದಲಿ ಬಂತು. ಇಬ್ಬರನ್ನೂ ಒಂದು ಪೆಟ್ಟಿಗೆಯ ಮೇಲೆ ಕೂರಿಸಿ, ಕಲ್ಲು ಕಿತ್ತು, ಮಣ್ಣು ತುಂಬಿ ಸಮ ಮಾಡಿದ್ದಾಯಿತು.

ಅಕ್ಕತಂಗಿ ಎದ್ದರು. ಒಬ್ಬಳು ಕೋಲೂರಿ, ಒಬ್ಬಳು ಹೆಗಲು ಹಿಡಿದು, ಯಾರ ಸಹಾಯವೂ ಇಲ್ಲದೆ ನೀರಿನವರೆಗೆ ನಡೆದು ಹಲಗೆ ದಾಟಿ ಲಾಂಚಿನಲ್ಲಿ ಕೂತರು. ಪಕ್ಕದ ಇಳಿಜಾರಿನಲ್ಲಿ ಜಂಗಲ್ಲಿಗೆ ಹೊರಟ ಒಂದು ಎಮ್ಮೆ ನಿಂತು ಇವರನ್ನೇ ನೋಡುತ್ತಿತ್ತು.

ಕಂತ್ರಾಟದಾರ ದಡದಿಂದ ಕೇಳಿದ: "ಈಗ ಸಮಾಧಾನ ಆಯ್ತೇನಮ್ಮಾ?"

"ಆತು" ಅಂದಳು ದೊಡ್ಡತ್ತೆ. "ಇವತ್ತಿಗೆ ಎಮ್ಮೆಗೆ ಸರಿಸಮ ಆದ್ವು. ಮನುಷ್ಯರು ಆಗೂದು ನಿಧಾನಕ್ಕೆ ನೋಡ್ವ."